ಸೋಲರಿಯದ ದಂಡನಾಯಕ, ಲೆಕ್ಕಕ್ಕೆ ಸಿಗದ ಹೊರೆಯಾಳುಗಳು: ಲೆಟ್ಟೊ-ಫೋರ್ಬೆಕ್ ಪ್ರಕರಣ

1918ರ ನವೆಂಬರ್ 25. ಯುರೋಪಿನಲ್ಲಿ ಯುದ್ಧ ನಿಂತು ಎರಡು ವಾರ ಕಳೆದಿತ್ತು. ಇಂದಿನ ಜಾಂಬಿಯಾದ ಉತ್ತರ ತುದಿಯಲ್ಲಿರುವ, ಆಗ ಅಬರ್‌ಕಾರ್ನ್ ಎಂದು ಕರೆಯುತ್ತಿದ್ದ ಊರಿನಲ್ಲಿ ಜರ್ಮನ್ ಪೂರ್ವ ಆಫ್ರಿಕಾದ ಸೇನೆ ಬ್ರಿಟಿಷರ ಮುಂದೆ ಆಯುಧ ಕೆಳಗಿಟ್ಟಿತು. ಸಾಲಾಗಿ ನಿಂತವರಲ್ಲಿ ಜರ್ಮನರು ಸುಮಾರು 155. ಅಸ್ಕಾರಿಗಳು, ಅಂದರೆ ಜರ್ಮನರ ಸಂಬಳದ ಆಫ್ರಿಕನ್ ಸೈನಿಕರು, 1,150ರ ಆಸುಪಾಸು. ಹೊರೆಯಾಳುಗಳು 1,500ಕ್ಕೂ ಹೆಚ್ಚು. ಮುಂದೆ ನಿಂತಿದ್ದವನು ಪೌಲ್ ಫಾನ್ ಲೆಟ್ಟೊ-ಫೋರ್ಬೆಕ್. ನಾಲ್ಕು ವರ್ಷಗಳ ಕಾಲ ಬ್ರಿಟಿಷ್, ಭಾರತೀಯ, ದಕ್ಷಿಣ ಆಫ್ರಿಕನ್, ಬೆಲ್ಜಿಯನ್ ಮತ್ತು ಪೋರ್ಚುಗೀಸ್ ಪಡೆಗಳಿಗೆ ಸಿಗದೆ ಅಲೆದವನು. ಶರಣಾಗುವಾಗಲೂ ತಾನು ಸೋತಿಲ್ಲ ಎಂದೇ ನಂಬಿದ್ದವನು.

ಮುಂದಿನ ಐವತ್ತು ವರ್ಷ ಜರ್ಮನಿಯೂ, ವಿಚಿತ್ರವೆಂದರೆ ಅವನ ಶತ್ರುಗಳಾಗಿದ್ದ ಬ್ರಿಟಿಷರೂ, ಈ ಕಥೆಯನ್ನು ಹೆಚ್ಚುಕಡಿಮೆ ಅವನು ಹೇಳಿದ ರೀತಿಯಲ್ಲೇ ಹೇಳಿದರು. ಆ ಕಥೆಯಲ್ಲಿ ಜರ್ಮನ್ ಅಧಿಕಾರಿಯ ಚಾಣಾಕ್ಷತೆ ಇತ್ತು, ಅಸ್ಕಾರಿಯ ನಿಷ್ಠೆ ಇತ್ತು. ಮೂರನೆಯ ಸಾಲಿನಲ್ಲಿ ನಿಂತಿದ್ದ, ಸಂಖ್ಯೆಯಲ್ಲಿ ಎಲ್ಲರಿಗಿಂತ ದೊಡ್ಡದಾಗಿದ್ದ ಗುಂಪು ಮಾತ್ರ ಅದರಲ್ಲಿ ಇರಲಿಲ್ಲ. ಲೆಟ್ಟೊನ ಕೀರ್ತಿಯ ಬಗ್ಗೆ ಇಂದು ನಡೆಯುತ್ತಿರುವ ಜಗಳವನ್ನು ಅರ್ಥಮಾಡಿಕೊಳ್ಳಬೇಕಾದರೆ ಆ ಗುಂಪಿನಿಂದಲೇ ಶುರುಮಾಡಬೇಕು ಎಂಬುದು ನನ್ನ ವಾದ. ಅವನ ಯುದ್ಧತಂತ್ರ ನಿಂತಿದ್ದೇ ಅವರ ಹೆಗಲ ಮೇಲೆ.

ಅಧಿಕಾರಿ ರೂಪುಗೊಂಡ ಬಗೆ

ಲೆಟ್ಟೊ ಹುಟ್ಟಿದ್ದು 1870ರ ಮಾರ್ಚ್ 20ರಂದು, ಸಾರ್‌ಲೂಯಿಸ್‌ನಲ್ಲಿ. ಪೊಮೆರೇನಿಯಾದ ಜಮೀನ್ದಾರಿ ಮನೆತನ, ತಂದೆ ಸೇನಾಧಿಕಾರಿ. ಹುಡುಗನಾಗಿದ್ದಾಗಲೇ ಕೆಡೆಟ್ ಶಾಲೆ ಸೇರಿ, ಅಲ್ಲಿಂದ ನೇರವಾಗಿ ಸೈನ್ಯಕ್ಕೆ ಬಂದ. ಇಂಥ ನೂರಾರು ಪ್ರಷ್ಯನ್ ಅಧಿಕಾರಿಗಳಿದ್ದರು. ಇವನನ್ನು ಬೇರೆ ಮಾಡಿದ್ದು ಸಾಗರದಾಚೆಯ ಸೇವೆ.

1900ರಲ್ಲಿ ಚೀನಾದ ಬಾಕ್ಸರ್ ದಂಗೆಯನ್ನು ಹತ್ತಿಕ್ಕಲು ಹೋದ ಜರ್ಮನ್ ಪಡೆಯಲ್ಲಿ ಅವನಿದ್ದ. 1904ರಲ್ಲಿ ಜರ್ಮನ್ ನೈಋತ್ಯ ಆಫ್ರಿಕಾಕ್ಕೆ, ಇಂದಿನ ನಮೀಬಿಯಾಕ್ಕೆ, ಜನರಲ್ ಲೋಥರ್ ಫಾನ್ ಟ್ರೋಥಾನ ಸಹಾಯಕ ಅಧಿಕಾರಿಯಾಗಿ ಹೋದ. ಆ ವರ್ಷ ಆಗಸ್ಟ್‌ನಲ್ಲಿ ವಾಟರ್‌ಬರ್ಗ್ ಕಾಳಗ ನಡೆಯಿತು. ಜರ್ಮನ್ ಆಳ್ವಿಕೆಯ ವಿರುದ್ಧ ದಂಗೆ ಎದ್ದಿದ್ದ ಅಲ್ಲಿನ ಹೆರೆರೊ ಜನರನ್ನು ಒಮಾಹೆಕೆ ಎಂಬ ನೀರಿಲ್ಲದ ಬಯಲಿಗೆ ಅಟ್ಟಲಾಯಿತು. ಅಕ್ಟೋಬರ್ 2ರಂದು ಟ್ರೋಥಾ ಹೊರಡಿಸಿದ ಆಜ್ಞೆ ಕುಪ್ರಸಿದ್ಧ: ಜರ್ಮನ್ ಗಡಿಯೊಳಗೆ ಕಾಣಿಸುವ ಪ್ರತಿ ಹೆರೆರೊ ಗಂಡಸಿಗೆ ಗುಂಡಿಕ್ಕಬೇಕು, ಹೆಂಗಸರು ಮಕ್ಕಳನ್ನು ಮರಳಿ ಮರುಭೂಮಿಗೆ ಓಡಿಸಬೇಕು. ಹೆರೆರೊ ಸಮುದಾಯದ ಬಹುಪಾಲು ಜನ ಬಾಯಾರಿಕೆಯಿಂದ, ಗುಂಡಿನಿಂದ, ಆಮೇಲೆ ಸೆರೆಶಿಬಿರಗಳಲ್ಲಿ ಸತ್ತರು. ನಾಮಾ ಜನರಲ್ಲೂ ಸಾವಿರಾರು ಮಂದಿ ಹಾಗೆಯೇ ಸತ್ತರು. 2021ರಲ್ಲಿ ಜರ್ಮನ್ ಸರ್ಕಾರ ಇದನ್ನು ನರಮೇಧವೆಂದು ಒಪ್ಪಿಕೊಂಡಿತು.

ಆ ಆಜ್ಞೆಯನ್ನು ಬರೆದವನು ಲೆಟ್ಟೊ ಅಲ್ಲ. ಆದರೆ ಅದನ್ನು ಹೊರಡಿಸಿದ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದವನು ಅವನು. ಮುದಿವಯಸ್ಸಿನಲ್ಲಿ ಬರೆದ ಆತ್ಮಕಥೆಯಲ್ಲೂ ಟ್ರೋಥಾನನ್ನು ತಳ್ಳಿಹಾಕಲಿಲ್ಲ. ಅಷ್ಟು ದೊಡ್ಡ ದಂಗೆಯನ್ನು ಮೊದಲು ಎಲ್ಲ ಬಗೆಯ ಬಲದಿಂದಲೂ ಅಡಗಿಸಲೇಬೇಕು ಎಂಬುದು ಅವನ ನಿಲುವಾಗಿತ್ತು. ಅವನ ಅಭಿಮಾನಿಗಳು ಈ ಅಧ್ಯಾಯವನ್ನು ಎರಡು ಸಾಲಿನಲ್ಲಿ ಮುಗಿಸುತ್ತಾರೆ. ನನಗೆ ಇದು ಮುಂದಿನದ್ದಕ್ಕೆಲ್ಲ ಬುನಾದಿಯಾಗಿ ಕಾಣುತ್ತದೆ. ನಾಮಾ ಜನರ ವಿರುದ್ಧ, ಅದರಲ್ಲೂ ಯಾಕೋಬ್ ಮೊರೆಂಗಾನ ತಂಡದ ವಿರುದ್ಧ, ಲೆಟ್ಟೊ ಸ್ವತಃ ಕಂಪನಿಯೊಂದನ್ನು ನಡೆಸಿದ. 1906ರಲ್ಲಿ ಎಡಗಣ್ಣಿಗೆ ಪೆಟ್ಟು ಬಿದ್ದು ಚಿಕಿತ್ಸೆಗೆ ದಕ್ಷಿಣ ಆಫ್ರಿಕಾಕ್ಕೆ ಹೋದ. ನೆಲೆ ನಿಲ್ಲದೆ ಚಲಿಸುತ್ತಾ, ಸಣ್ಣ ಗುಂಪುಗಳಲ್ಲಿ ಹೊಡೆದು ಮಾಯವಾಗುವ ಯುದ್ಧವನ್ನು ಅವನು ಕಂಡದ್ದು ನಾಮಾ ಹೋರಾಟಗಾರರ ಕೈಯಲ್ಲಿ. ಗೆರಿಲ್ಲಾ ಯುದ್ಧದ ಗುರು ಎಂದು ಅವನನ್ನು ಹೊಗಳುವವರು ಅವನಿಗೆ ಪಾಠ ಹೇಳಿದ ಆಫ್ರಿಕನ್ನರ ಹೆಸರು ಎತ್ತುವುದೇ ಅಪರೂಪ.

ಗವರ್ನರನ ಮಾತು ಮೀರಿದ್ದು, ತಾಂಗಾದಲ್ಲಿ ಗೆದ್ದದ್ದು

1914ರ ಜನವರಿಯಲ್ಲಿ ಲೆಫ್ಟಿನೆಂಟ್ ಕರ್ನಲ್ ಲೆಟ್ಟೊ ದಾರ್ ಎಸ್ ಸಲಾಮ್‌ಗೆ ಬಂದಿಳಿದ. ಜರ್ಮನ್ ಪೂರ್ವ ಆಫ್ರಿಕಾ ಅಂದರೆ ಇಂದಿನ ತಾಂಜಾನಿಯಾದ ಮುಖ್ಯಭೂಮಿ, ರುವಾಂಡಾ ಮತ್ತು ಬುರುಂಡಿ ಸೇರಿದ ನಾಡು. ವಸಾಹತು ಪಡೆಯಲ್ಲಿದ್ದದ್ದು 14 ಕಂಪನಿಗಳು, ಸುಮಾರು 2,500 ಅಸ್ಕಾರಿಗಳು, 260ರಷ್ಟು ಜರ್ಮನರು. ಈ ಪಡೆ ಇದ್ದದ್ದು ಹೊರಗಿನ ಶತ್ರುವನ್ನು ಎದುರಿಸಲು ಅಲ್ಲ, ಒಳಗಿನ ಜನರನ್ನು ಹದ್ದುಬಸ್ತಿನಲ್ಲಿಡಲು. 1905ರಿಂದ 1907ರವರೆಗೆ ನಡೆದ ಮಾಜಿ ಮಾಜಿ ದಂಗೆಯನ್ನು ಬೆಳೆ ಸುಟ್ಟು, ಕಣಜ ಬರಿದು ಮಾಡಿ, ಹಸಿವಿನಿಂದ ಅಡಗಿಸಿದ ಪಡೆ ಇದೇ. ದಕ್ಷಿಣದ ಜಿಲ್ಲೆಗಳು ಆ ಹೊಡೆತದಿಂದ ಚೇತರಿಸಿಕೊಳ್ಳುವ ಮೊದಲೇ ಮಹಾಯುದ್ಧ ಬಂತು.

ಗವರ್ನರ್ ಹೈನ್ರಿಕ್ ಶ್ನೀ ಯುದ್ಧ ಬೇಡವೆಂದ. 1885ರ ಬರ್ಲಿನ್ ಒಪ್ಪಂದದಲ್ಲಿ ಆಫ್ರಿಕಾದ ಈ ಭಾಗದ ವಸಾಹತುಗಳು ತಟಸ್ಥವಾಗಿರಬಹುದೆಂಬ ಅವಕಾಶವಿತ್ತು. ಅದನ್ನು ಬಳಸಿಕೊಂಡು ನಾಡನ್ನು ಉಳಿಸಿಕೊಳ್ಳಬೇಕೆಂಬುದು ಅವನ ಎಣಿಕೆ. ಲೆಟ್ಟೊ ಬೇರೆಯೇ ಲೆಕ್ಕ ಹಾಕಿದ್ದ. ವಸಾಹತು ಉಳಿಯುವುದಿಲ್ಲ, ಉಳಿಯುವುದು ಮುಖ್ಯವೂ ಅಲ್ಲ. ಯುರೋಪಿನ ರಣರಂಗಕ್ಕೆ ಹೋಗಬಹುದಾದ ಶತ್ರು ಸೈನಿಕರನ್ನು ಇಲ್ಲಿ ಕಟ್ಟಿಹಾಕಿದರೆ ಅದೇ ಜರ್ಮನಿಗೆ ಮಾಡುವ ಸೇವೆ. ಸೇನೆಯ ಮೇಲೆ ಗವರ್ನರನ ಅಧಿಕಾರವಿದ್ದರೂ ಲೆಟ್ಟೊ ಅವನ ಮಾತಿಗೆ ಬೆಲೆ ಕೊಡಲಿಲ್ಲ. ಇಲ್ಲಿ ನಿಂತು ಯೋಚಿಸಬೇಕು. ಈ ನಾಡಿನಲ್ಲಿ 70 ಲಕ್ಷಕ್ಕೂ ಹೆಚ್ಚು ಜನರಿದ್ದರು. ಅವರ ಹೊಲ, ಜಾನುವಾರು, ಗಂಡಸರು, ಎಲ್ಲವನ್ನೂ ಮತ್ತೊಂದು ಖಂಡದ ಯುದ್ಧಕ್ಕೆ ಖರ್ಚು ಮಾಡುವ ನಿರ್ಧಾರ ಅದು. ಶ್ನೀ ಕರುಣಾಮಯಿ ಏನಲ್ಲ, ಅವನೂ ವಸಾಹತುಶಾಹಿಯೇ. ಆದರೆ ಅವನ ದಾರಿ ಹಿಡಿದಿದ್ದರೆ ಎಷ್ಟೋ ಹಳ್ಳಿಗಳು ಉಳಿಯುವ ಸಾಧ್ಯತೆಯಾದರೂ ಇತ್ತು.

ಲೆಟ್ಟೊನ ಹೆಸರು ಮೊದಲು ಮೊಳಗಿದ್ದು ತಾಂಗಾ ಬಂದರಿನಲ್ಲಿ. ಕನ್ನಡ ಓದುಗರಿಗೆ ಈ ಕಾಳಗದೊಡನೆ ನೇರ ನಂಟಿದೆ. ಬೊಂಬಾಯಿಯಿಂದ ಹೊರಟು ತಾಂಗಾದಲ್ಲಿ ಇಳಿದ 8,000 ಸೈನಿಕರ ಭಾರತೀಯ ದಂಡಿನ ಅರ್ಧಭಾಗ 27ನೆಯ ಬೆಂಗಳೂರು ಬ್ರಿಗೇಡ್. ಅದರಲ್ಲಿ ಲ್ಯಾಂಕಾಶೈರ್‌ನ ಒಂದು ಬ್ರಿಟಿಷ್ ಪಟಾಲಮ್ಮಿನ ಜೊತೆಗೆ 63ನೆಯ ಪಾಳಯಂಕೋಟೆ ಪದಾತಿದಳ, 98ನೆಯ ಪದಾತಿದಳ ಮತ್ತು 101ನೆಯ ಗ್ರೆನೇಡಿಯರ್ಸ್ ಇದ್ದವು. ಎರಡು ವಾರಕ್ಕೂ ಹೆಚ್ಚು ಕಾಲ ಹಡಗಿನಲ್ಲಿ ತುಂಬಿಕೊಂಡು, ಹೊಟ್ಟೆ ತೊಳಸಿ, ನಿತ್ರಾಣರಾಗಿ ಬಂದ ಸಿಪಾಯಿಗಳನ್ನು ಜನರಲ್ ಏಟ್‌ಕೆನ್ ದಟ್ಟ ಪೊದೆ ಮತ್ತು ರಬ್ಬರ್ ತೋಟಗಳ ನಡುವೆ ಇಳಿಸಿದ. ನೆಲದ ಪರಿಚಯ ಮಾಡಿಕೊಳ್ಳಲು ಬೇಹುಗಾರರನ್ನು ಕಳಿಸಲಿಲ್ಲ. ಅದಕ್ಕೂ ಮೊದಲು ಬ್ರಿಟಿಷ್ ಯುದ್ಧನೌಕೆಯ ಕ್ಯಾಪ್ಟನ್ ಊರಿನೊಳಗೆ ಹೋಗಿ, ಪರಸ್ಪರ ದಾಳಿ ಮಾಡುವುದಿಲ್ಲವೆಂದು ಹಿಂದೆ ಆಗಿದ್ದ ಸ್ಥಳೀಯ ಒಪ್ಪಂದ ಇನ್ನು ಮುಗಿಯಿತು ಎಂದು ತಿಳಿಸಿ ಬಂದಿದ್ದ. ಲೆಟ್ಟೊ ಆ ಎಚ್ಚರಿಕೆಯನ್ನು ಚೆನ್ನಾಗಿ ಬಳಸಿಕೊಂಡ. ಉಸಂಬಾರಾ ರೈಲು ಮಾರ್ಗದಲ್ಲಿ ತನ್ನ ಕಂಪನಿಗಳನ್ನು ರಾತ್ರೋರಾತ್ರಿ ಇಳಿಸಿಕೊಂಡು, ಸುಮಾರು ಒಂದು ಸಾವಿರ ಜನರೊಡನೆ ನವೆಂಬರ್ 4ರಂದು ಏಟ್‌ಕೆನ್‌ನ ದಂಡನ್ನು ಮುರಿದ. ಗುಂಡಿನ ಸದ್ದಿಗೆ ರೊಚ್ಚಿಗೆದ್ದ ಜೇನು ಹುಳುಗಳು 98ನೆಯ ದಳದ ಮೇಲೆ ಎರಗಿದ ಕಥೆ ಎಲ್ಲರ ಬಾಯಲ್ಲೂ ಇದೆ. ಕಾಳಗ ತೀರ್ಮಾನವಾದದ್ದು ಜೇನಿನಿಂದಲ್ಲ, ಲೆಟ್ಟೊನ ಮೆಷಿನ್ ಗನ್‌ಗಳಿಂದ ಮತ್ತು ಬ್ರಿಟಿಷ್ ಅಧಿಕಾರಿಗಳ ಉಡಾಫೆಯಿಂದ. ಭಾರತೀಯ ದಂಡಿನ 800ಕ್ಕೂ ಹೆಚ್ಚು ಮಂದಿ ಸತ್ತರು, ಗಾಯಗೊಂಡರು ಅಥವಾ ಕಾಣೆಯಾದರು. ಬಿಟ್ಟುಹೋದ 16 ಮೆಷಿನ್ ಗನ್, ನೂರಾರು ಬಂದೂಕು ಮತ್ತು ಸುಮಾರು ಆರು ಲಕ್ಷ ಗುಂಡುಗಳು ಜರ್ಮನರ ಪಾಲಾದವು.

ಸೋಲಿನ ಹೊಣೆಯನ್ನು ಬ್ರಿಟಿಷ್ ಅಧಿಕಾರಿಗಳು ಬಹುಮಟ್ಟಿಗೆ ಸಿಪಾಯಿಗಳ ತಲೆಗೆ ಕಟ್ಟಿದರು. ಅದರಲ್ಲೂ ದಕ್ಷಿಣ ಭಾರತದವರು ಯುದ್ಧಕ್ಕೆ ತಕ್ಕ ಜಾತಿಯವರಲ್ಲ ಎಂಬ ಹಳೆಯ ವಸಾಹತು ಪೂರ್ವಗ್ರಹಕ್ಕೆ ತಾಂಗಾ ಸಾಕ್ಷಿಯಾಯಿತು. ಹೀಗೆ ಒಂದೇ ಕಾಳಗದಿಂದ ಎರಡು ದಂತಕಥೆ ಹುಟ್ಟಿದವು: ಒಂದು ಕಡೆ ಅಜೇಯ ಜರ್ಮನ್, ಇನ್ನೊಂದು ಕಡೆ ಅಳುಕಿನ ಮದ್ರಾಸಿ. ಎರಡನ್ನೂ ಒಟ್ಟಿಗೇ ಅನುಮಾನಿಸಬೇಕು.

ಹೆಗಲ ಮೇಲಿನ ಯುದ್ಧ

1915ರ ಜನವರಿಯಲ್ಲಿ ಯಾಸಿನ್ ಎಂಬಲ್ಲಿ ಲೆಟ್ಟೊ ಮತ್ತೆ ಗೆದ್ದ. ಆದರೆ ಆ ಗೆಲುವಿಗೆ ಖರ್ಚಾದ ಗುಂಡು, ಸತ್ತ ಅಧಿಕಾರಿಗಳ ಸಂಖ್ಯೆ ನೋಡಿ, ಇಂಥ ಗೆಲುವುಗಳು ತನಗೆ ತಾಳಿಕೆಯಾಗುವುದಿಲ್ಲವೆಂದು ಅರಿತ. ಅಲ್ಲಿಂದ ಮುಂದೆ ಸಣ್ಣ ತಂಡಗಳನ್ನು ಬ್ರಿಟಿಷರ ಉಗಾಂಡಾ ರೈಲು ಹಳಿಗಳಿಗೆ ಸಿಡಿಮದ್ದು ಇಡಲು ಕಳಿಸಿದ. 1916ರಲ್ಲಿ ದಕ್ಷಿಣ ಆಫ್ರಿಕಾದ ಜನರಲ್ ಯಾನ್ ಸ್ಮಟ್ಸ್‌ನ ನಾಯಕತ್ವದಲ್ಲಿ ದೊಡ್ಡ ದಂಡು ಉತ್ತರದಿಂದ ಇಳಿಯಿತು, ಬೆಲ್ಜಿಯನ್ನರು ಪಶ್ಚಿಮದಿಂದ ಬಂದು ಸೆಪ್ಟೆಂಬರ್‌ನಲ್ಲಿ ತಬೋರಾ ಹಿಡಿದರು. ವರ್ಷ ಮುಗಿಯುವುದರೊಳಗೆ ಎರಡೂ ರೈಲು ಮಾರ್ಗಗಳು ಲೆಟ್ಟೊನ ಕೈತಪ್ಪಿದವು. ಉಳಿದದ್ದು ಕಾಲುದಾರಿ.

ಈ ಭೂಪ್ರದೇಶದ ಒಂದು ಸತ್ಯ ತಿಳಿಯದೆ ಯುದ್ಧ ಅರ್ಥವಾಗದು. ಜಾನುವಾರುಗಳಿಗೆ ಮಾರಕ ರೋಗ ಹರಡುವ ತ್ಸೆತ್ಸೆ ನೊಣ ಇರುವ ಕಡೆ ಎತ್ತು, ಕುದುರೆ, ಹೇಸರಗತ್ತೆ ಯಾವುದೂ ಬದುಕುವುದಿಲ್ಲ. ರಸ್ತೆಗಳಿರಲಿಲ್ಲ. ಆದ್ದರಿಂದ ಅಕ್ಕಿ, ಜೋಳ, ಗುಂಡಿನ ಪೆಟ್ಟಿಗೆ, ಔಷಧಿ, ಅಧಿಕಾರಿಯ ಹಾಸಿಗೆ, ಎಲ್ಲವೂ ಮನುಷ್ಯರ ತಲೆ ಹೆಗಲುಗಳ ಮೇಲೆ ಸಾಗಬೇಕು. ಒಬ್ಬ ಹೊರೆಯಾಳು 25 ಕಿಲೋದಷ್ಟು ಹೊರುತ್ತಾನೆ ಎಂದಿಟ್ಟುಕೊಳ್ಳಿ. ಅವನಿಗೆ ದಿನಕ್ಕೆ ಒಂದು ಕಿಲೋ ಧಾನ್ಯ ಬೇಕು. ಹೊತ್ತದ್ದು ಧಾನ್ಯವೇ ಆದರೆ ಇಪ್ಪತ್ತೈದು ದಿನದಲ್ಲಿ ಹೊರೆ ಅವನ ಹೊಟ್ಟೆಯಲ್ಲೇ ಮುಗಿಯುತ್ತದೆ. ಮರಳಿ ಬರುವ ದಾರಿಗೂ ಬುತ್ತಿ ಬೇಕಾದರೆ ಹನ್ನೆರಡು ದಿನದ ದಾರಿಯಾಚೆಗೆ ಅವನು ಏನನ್ನೂ ತಲುಪಿಸಲಾರ. ಹಾಗಾಗಿ ಸೈನ್ಯ ದೂರ ಸರಿದಷ್ಟೂ ಎರಡೇ ದಾರಿ: ಹೊರೆಯಾಳುಗಳ ಸಂಖ್ಯೆಯನ್ನು ಹೆಚ್ಚಿಸುತ್ತಲೇ ಹೋಗುವುದು, ಇಲ್ಲವೇ ಅವರ ಊಟವನ್ನು ಕಡಿಮೆ ಮಾಡುವುದು. ಬ್ರಿಟಿಷರು ಎರಡನ್ನೂ ಮಾಡಿದರು. ಲೆಟ್ಟೊ ಇನ್ನೊಂದು ದಾರಿಯನ್ನೂ ಹಿಡಿದ: ಸಾಗಿದ ಕಡೆಯೆಲ್ಲ ಹಳ್ಳಿಗರ ಕಣಜದಿಂದಲೇ ಸೈನ್ಯವನ್ನು ಸಾಕುವುದು.

ಹೊರೆಯಾಳುಗಳಲ್ಲಿ ಬಹುಪಾಲು ತಾವಾಗಿ ಬಂದವರಲ್ಲ. ಆರಂಭದಲ್ಲಿ ಕಾರವಾನ್ ಕಸುಬಿನ ನ್ಯಾಮ್ವೆಜಿ ಜನರಂಥ ಅನುಭವಿಗಳಿದ್ದರು. ಅವರಿಗೆ ಕೂಲಿ, ಮರ್ಯಾದೆ ಎರಡೂ ಇದ್ದವು. ಯುದ್ಧ ಬೆಳೆದಂತೆ ಹಳ್ಳಿಗೆ ನುಗ್ಗಿ ಸಿಕ್ಕಿದವರನ್ನು ಹಿಡಿದು ತರುವುದು ಪದ್ಧತಿಯಾಯಿತು. ಓಡಿಹೋಗದಂತೆ ಹಗ್ಗ ಹಾಕಿ ಒಬ್ಬರಿಗೊಬ್ಬರನ್ನು ಬಿಗಿದು ನಡೆಸಿದರು. ಓಡಿ ಸಿಕ್ಕಿಬಿದ್ದವರಿಗೆ ಚಾಟಿ, ಕೆಲವೊಮ್ಮೆ ಗುಂಡು. ಬಿದ್ದವರನ್ನು ದಾರಿಯಲ್ಲೇ ಬಿಟ್ಟರು. ರುಫಿಜಿ ನದಿಮುಖದಲ್ಲಿ 1915ರ ಜುಲೈನಲ್ಲಿ ಮುಳುಗಿದ ಕೋನಿಗ್ಸ್‌ಬರ್ಗ್ ಯುದ್ಧನೌಕೆಯಿಂದ ಹತ್ತು ಭಾರಿ ಫಿರಂಗಿಗಳನ್ನು ಕಿತ್ತು ನೆಲದ ಮೇಲೆ ಬಳಸಿದ್ದು ಜರ್ಮನ್ ಜಾಣ್ಮೆಯ ಉದಾಹರಣೆಯಾಗಿ ಎಲ್ಲ ಪುಸ್ತಕಗಳಲ್ಲೂ ಬರುತ್ತದೆ. ಟನ್‌ಗಟ್ಟಲೆ ತೂಕದ ಆ ಉಕ್ಕನ್ನು ಕೆಸರು, ಗುಡ್ಡ, ಕಾಡುಗಳ ಮೂಲಕ ಎಳೆದವರು ನೂರಾರು ಆಫ್ರಿಕನ್ನರು.

ಸತ್ತವರ ಸಂಖ್ಯೆ? ಬ್ರಿಟಿಷರ ಕಡೆ ಯುದ್ಧದುದ್ದಕ್ಕೂ ಸುಮಾರು ಹತ್ತು ಲಕ್ಷ ಹೊರೆಯಾಳುಗಳು ದುಡಿದರು, ಅವರಲ್ಲಿ ಕನಿಷ್ಠ 95,000 ಮಂದಿ ಸತ್ತರು. ಹೆಚ್ಚಿನವರನ್ನು ಕೊಂದದ್ದು ಗುಂಡಲ್ಲ. ಭೇದಿ, ಮಲೇರಿಯಾ, ನ್ಯುಮೋನಿಯಾ ಮತ್ತು ಹಸಿವು. ಜರ್ಮನರ ಕಡೆ ಪೂರ್ತಿ ದಾಖಲೆಯನ್ನೇ ಇಡಲಿಲ್ಲ. ಜರ್ಮನ್ ಅಧಿಕಾರಿಯ ಸಾವಿನ ಜಾಗ, ತಾರೀಖು, ಕಾರಣ ಎಲ್ಲ ಸಿಗುತ್ತವೆ. ಅವನ ಹಾಸಿಗೆ ಹೊತ್ತವನು ಎಲ್ಲಿ ಬಿದ್ದ ಎಂದು ಬರೆದಿಡಬೇಕೆಂದು ಯಾರಿಗೂ ಅನಿಸಲಿಲ್ಲ.

ಹೊರೆ ಹೊರದವರೂ ತಪ್ಪಿಸಿಕೊಳ್ಳಲಿಲ್ಲ. ಇಂದಿನ ದೊದೊಮಾ ಸುತ್ತಲಿನ ಉಗೊಗೊ ಪ್ರದೇಶ ಒಂದು ಉದಾಹರಣೆ. ಮಳೆ ಕಡಿಮೆ ಇರುವ, ದನಕರು ಮತ್ತು ಸಜ್ಜೆಯನ್ನು ನಂಬಿದ ನಾಡು ಅದು. ಮೊದಲು ಜರ್ಮನರು ದನ, ಧಾನ್ಯ ಮತ್ತು ಗಂಡಸರನ್ನು ಒಯ್ದರು. 1916ರಲ್ಲಿ ಬ್ರಿಟಿಷರು ಬಂದು ಉಳಿದದ್ದನ್ನು ಒಯ್ದರು. ಬಿತ್ತಲು ಕೈಗಳಿಲ್ಲದ ಹೊತ್ತಿನಲ್ಲಿ ಮಳೆಯೂ ಕೈಕೊಟ್ಟಿತು. 1917ರಿಂದ 1920ರವರೆಗೆ ನಡೆದ ಆ ಬರಗಾಲವನ್ನು ಗೊಗೊ ಜನ ಮ್ತುನ್ಯಾ ಎಂದು ಕರೆಯುತ್ತಾರೆ. ಸುಮಾರು 1,50,000 ಜನರಲ್ಲಿ 30,000ದಷ್ಟು ಮಂದಿ ಸತ್ತರೆಂದು ಅಂದಾಜು. ಇಡೀ ವಸಾಹತಿನಲ್ಲಿ ಯುದ್ಧ ತಂದ ಹಸಿವಿಗೆ ಮತ್ತು ರೋಗಕ್ಕೆ ಬಲಿಯಾದವರ ಅಂದಾಜು ಲಕ್ಷಗಳಲ್ಲಿದೆ.

ಇದನ್ನು ಕಂಡು ಹೇಳಿದವರು ಜರ್ಮನರಲ್ಲೂ ಇದ್ದರು. ಲೆಟ್ಟೊನ ಪಡೆಯಲ್ಲೇ ವೈದ್ಯನಾಗಿದ್ದ ಲುಡ್ವಿಗ್ ಡೆಪ್ಪೆ 1919ರಲ್ಲೇ ಬರೆದ: ನಾವು ಹಿಂದೆ ಬಿಟ್ಟುಹೋಗುವುದು ಹಾಳಾದ ಹೊಲಗಳನ್ನು, ಬರಿದಾದ ಕಣಜಗಳನ್ನು, ಮುಂದೆ ಬರುವ ಹಸಿವನ್ನು, ನಾವು ಇನ್ನು ನಾಗರಿಕತೆಯನ್ನು ಹರಡುವವರಲ್ಲ, ನಮ್ಮ ದಾರಿ ತುಂಬ ಸಾವು ಮತ್ತು ಲೂಟಿ. ಹದಿನೇಳನೆಯ ಶತಮಾನದ ಮೂವತ್ತು ವರ್ಷಗಳ ಯುದ್ಧದಲ್ಲಿ ಜರ್ಮನಿಯನ್ನು ಕೊಳ್ಳೆ ಹೊಡೆದ ದಂಡುಗಳಿಗೆ ತನ್ನ ಪಡೆಯನ್ನು ಅವನು ಹೋಲಿಸಿದ. ಸತ್ಯ ತಡವಾಗಿ ತಿಳಿಯಿತು ಎಂಬ ಸಮಜಾಯಿಷಿಗೆ ಆದ್ದರಿಂದ ಜಾಗವಿಲ್ಲ. ಬರ್ಲಿನ್ ಜನ ಲೆಟ್ಟೊನಿಗೆ ಹೂಮಾಲೆ ಹಾಕಿದ ವರ್ಷವೇ ಅದು ಅಚ್ಚಾಗಿತ್ತು.

1917ರ ಅಕ್ಟೋಬರ್‌ನಲ್ಲಿ ಮಹಿವಾದಲ್ಲಿ ನಾಲ್ಕು ದಿನ ನಡೆದ ಕಾಳಗ ಇಡೀ ಅಭಿಯಾನದಲ್ಲೇ ಅತ್ಯಂತ ರಕ್ತಸಿಕ್ತ. ಬ್ರಿಟಿಷರ ಕಡೆ ಎರಡು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು ಇಲ್ಲವೇ ಗಾಯಗೊಂಡರು, ಅವರಲ್ಲಿ ನೈಜೀರಿಯಾದ ಸೈನಿಕರು ಬಹಳ. ಲೆಟ್ಟೊ ಕಳೆದುಕೊಂಡದ್ದು ಸುಮಾರು 500, ಆದರೆ ಆ ನಷ್ಟವನ್ನು ತುಂಬಿಕೊಳ್ಳಲು ಅವನಿಗೆ ಜನರಿರಲಿಲ್ಲ. ನವೆಂಬರ್ 25ರಂದು ರೋಗಿಗಳನ್ನೂ ನಡೆಯಲಾಗದವರನ್ನೂ ಹಿಂದೆ ಬಿಟ್ಟು ರೊವುಮಾ ನದಿ ದಾಟಿ ಪೋರ್ಚುಗೀಸ್ ಪೂರ್ವ ಆಫ್ರಿಕಾ, ಅಂದರೆ ಇಂದಿನ ಮೊಜಾಂಬಿಕ್, ಹೊಕ್ಕ. ಆಮೇಲಿನ ಒಂದು ವರ್ಷ ಬಂದೂಕು ಮತ್ತು ಆಹಾರಕ್ಕಾಗಿ ನಡೆದ ಅಲೆದಾಟ. ಅದರ ವಿವರ ಇಲ್ಲಿ ಬೇಕಿಲ್ಲ.

ದಂತಕಥೆ ಯಾರಿಗೆ ಬೇಕಿತ್ತು

1919ರ ಮಾರ್ಚ್ 2ರಂದು ಲೆಟ್ಟೊ ಕುದುರೆಯ ಮೇಲೆ ಬ್ರಾಂಡೆನ್‌ಬರ್ಗ್ ದ್ವಾರದ ಮೂಲಕ ಬರ್ಲಿನ್ ಪ್ರವೇಶಿಸಿದ. ಹಿಂದೆ ಸವೆದ ಸಮವಸ್ತ್ರದ ನೂರಿಪ್ಪತ್ತು ಅಧಿಕಾರಿಗಳು. ಒಬ್ಬನೇ ಒಬ್ಬ ಹೊರೆಯಾಳು ಆ ಮೆರವಣಿಗೆಯಲ್ಲಿ ಇರಲಿಲ್ಲ. ಶರಣಾದ ಅಸ್ಕಾರಿಗಳನ್ನು ತಬೋರಾದ ಶಿಬಿರಕ್ಕೆ ಒಯ್ಯಲಾಗಿತ್ತು, ಅದು ಇನ್‌ಫ್ಲುಯೆಂಜಾ ಎಲ್ಲೆಡೆ ಹಬ್ಬಿದ್ದ ಕಾಲ.

ಸೋತು ಅವಮಾನಗೊಂಡ ದೇಶಕ್ಕೆ ಸೋಲದ ಒಬ್ಬ ಜನರಲ್ ಬೇಕಿತ್ತು, ನಿಜ. ಆದರೆ ಇನ್ನೊಂದು ಕಾರಣವೂ ಇತ್ತು. ವರ್ಸೈಲ್ಸ್ ಒಪ್ಪಂದದ 119ನೆಯ ವಿಧಿ ಜರ್ಮನಿಯ ಎಲ್ಲ ವಸಾಹತುಗಳನ್ನೂ ಕಿತ್ತುಕೊಂಡಿತು. ಜರ್ಮನರು ಆಫ್ರಿಕನ್ನರನ್ನು ಆಳಲು ಯೋಗ್ಯರಲ್ಲ ಎಂಬುದು ಗೆದ್ದವರ ವಾದ. ಗೆದ್ದವರ ಕೈಯೂ ಶುದ್ಧವಾಗಿರಲಿಲ್ಲ ಎಂಬುದು ಬೇರೆ ಮಾತು. ಇದಕ್ಕೆ ಜರ್ಮನ್ ವಸಾಹತು ಪ್ರಚಾರಕರು ಕೊಟ್ಟ ಉತ್ತರವೇ ನಿಷ್ಠಾವಂತ ಅಸ್ಕಾರಿ: ನಾವು ಕೆಟ್ಟವರಾಗಿದ್ದರೆ ಅವರು ಕೊನೆಯವರೆಗೆ ನಮ್ಮ ಜೊತೆ ಏಕೆ ನಿಲ್ಲುತ್ತಿದ್ದರು? ಕೇಳಲು ಸೊಗಸಾದ ವಾದ. ವಾಸ್ತವದಲ್ಲಿ ಸಾವಿರಾರು ಅಸ್ಕಾರಿಗಳು ಪಡೆ ಬಿಟ್ಟು ಹೋಗಿದ್ದರು. ಉಳಿದವರಿಗೆ ಉಳಿಯಲು ತಮ್ಮದೇ ಕಾರಣಗಳಿದ್ದವು. ತಿಂಗಳಿಗೆ ಇಪ್ಪತ್ತು ರೂಪಿಯ ಆಸುಪಾಸಿನ ಸಂಬಳ (ಜರ್ಮನ್ ಪೂರ್ವ ಆಫ್ರಿಕಾದ ನಾಣ್ಯ ನಮ್ಮ ರೂಪಾಯಿಯ ಮಾದರಿಯದ್ದೇ), ಊರಿನಲ್ಲಿ ದೊಡ್ಡ ಮನುಷ್ಯ ಎಂಬ ಹೆಸರು, ಹೆಂಡತಿ ಮಕ್ಕಳು ಸೈನ್ಯದ ಜೊತೆಯಲ್ಲೇ ನಡೆಯುತ್ತಿದ್ದದ್ದು, ಬಿಟ್ಟುಹೋದರೆ ತಾವೇ ಲೂಟಿ ಮಾಡಿದ ಹಳ್ಳಿಗರ ಸೇಡಿನ ಭಯ. ಅವರು ಲೆಟ್ಟೊನನ್ನು ಪ್ರೀತಿಸಲಿಲ್ಲ ಎಂದು ನಾನು ಹೇಳುತ್ತಿಲ್ಲ. ಆ ಪ್ರೀತಿಯನ್ನು ಬರ್ಲಿನ್‌ನಲ್ಲಿ ವಸಾಹತು ವಾಪಸ್ ಕೇಳುವ ಅರ್ಜಿಗೆ ಮುದ್ರೆಯಾಗಿ ಒತ್ತಲಾಯಿತು ಎನ್ನುತ್ತಿದ್ದೇನೆ.

ಮನೆಗೆ ಮರಳಿದ ಲೆಟ್ಟೊ ರಾಜಕೀಯದಿಂದ ದೂರ ಉಳಿಯಲಿಲ್ಲ. 1919ರ ಜುಲೈನಲ್ಲಿ ಕಲಬೆರಕೆ ಮಾಂಸದ ವಿಚಾರಕ್ಕೆ ಹ್ಯಾಂಬರ್ಗ್‌ನಲ್ಲಿ ಎದ್ದ ಗಲಭೆಯನ್ನು ಹತ್ತಿಕ್ಕಲು ಪಡೆ ನಡೆಸಿದ. 1920ರ ಮಾರ್ಚ್‌ನಲ್ಲಿ ಕಾಪ್ ಎಂಬುವನು ಗಣರಾಜ್ಯವನ್ನು ಉರುಳಿಸಲು ದಂಗೆ ಎದ್ದಾಗ, ಮೆಕ್ಲೆನ್‌ಬರ್ಗ್‌ನಲ್ಲಿ ಸೇನಾಧಿಕಾರಿಯಾಗಿದ್ದ ಲೆಟ್ಟೊ ದಂಗೆಕೋರರ ಪಕ್ಷ ವಹಿಸಿ ಅಲ್ಲಿನ ಚುನಾಯಿತ ಸರ್ಕಾರವನ್ನು ವಜಾ ಮಾಡಿದ. ದಂಗೆ ಕೆಲವೇ ದಿನಗಳಲ್ಲಿ ಬಿದ್ದಿತು, ಅವನ ಸೇನಾ ಜೀವನವೂ ಮುಗಿಯಿತು. ಸೈನಿಕನ ಧರ್ಮವನ್ನು ಮಾತ್ರ ಪಾಲಿಸಿದ ನಿಷ್ಪಕ್ಷಪಾತಿ ಎಂದು ಅವನನ್ನು ಬಣ್ಣಿಸುವವರಿಗೆ ಈ ಎರಡು ವರ್ಷ ದೊಡ್ಡ ತೊಡಕು. 1928ರಿಂದ 1930ರವರೆಗೆ ಬಲಪಂಥೀಯ ರಾಷ್ಟ್ರೀಯ ಪಕ್ಷದಿಂದ ಸಂಸತ್ತಿನಲ್ಲಿದ್ದ.

ಹಿಟ್ಲರ್ ಕಾಲದ ಬಗ್ಗೆ ಒಂದು ಕಥೆ ಇಂಗ್ಲಿಷ್ ಬರಹಗಳಲ್ಲಿ ಮತ್ತೆಮತ್ತೆ ಬರುತ್ತದೆ: ಲಂಡನ್ನಿನ ರಾಯಭಾರಿ ಹುದ್ದೆ ಕೊಡಲು ಬಂದ ಹಿಟ್ಲರನನ್ನು ಲೆಟ್ಟೊ ಬೈದು ಕಳಿಸಿದನಂತೆ. ಬೈಗುಳದ ಸಮೇತ ಇದನ್ನು ಹೇಳುವವರಿಗೆ ಬಹಳ ಖುಷಿ. ಅದಕ್ಕೆ ಆಧಾರ ಬಹಳ ತೆಳು. ದಾಖಲೆಯಲ್ಲಿ ಇರುವುದು ಬೇರೆ: ವಸಾಹತು ಪ್ರಚಾರದಲ್ಲಿ ಅವನು ಮುಂದುವರಿದ, ಹೊಸ ಆಡಳಿತ ಸೈನ್ಯದ ನೆಲೆಗಳಿಗೆ ಅವನ ಹೆಸರಿಟ್ಟಿತು, 1939ರಲ್ಲಿ ಗೌರವಾರ್ಥ ಜನರಲ್ ಪದವಿಯನ್ನೂ ಕೊಟ್ಟಿತು, ಅವನು ಸ್ವೀಕರಿಸಿದ. ಇತ್ತೀಚಿನ ಜರ್ಮನ್ ಇತಿಹಾಸಕಾರರು ಅವನನ್ನು ವಿರೋಧಿ ಎಂದು ಕರೆಯಲು ಸಿದ್ಧರಿಲ್ಲ. ಅದೇ ಆಡಳಿತದ ಯುದ್ಧದಲ್ಲಿ ಅವನ ಇಬ್ಬರು ಗಂಡುಮಕ್ಕಳೂ ಸತ್ತರು.

ಸಮಾಧಿಯಿಂದ ಬೀದಿಫಲಕದವರೆಗೆ

1964ರ ಮಾರ್ಚ್ 9ರಂದು ಲೆಟ್ಟೊ ಹ್ಯಾಂಬರ್ಗ್‌ನಲ್ಲಿ ತೀರಿಕೊಂಡ. ಅಂತ್ಯಕ್ರಿಯೆಗೆ ಇಬ್ಬರು ಹಳೆಯ ಅಸ್ಕಾರಿಗಳನ್ನು ವಿಮಾನದಲ್ಲಿ ಕರೆಸಲಾಯಿತು. ರಕ್ಷಣಾ ಸಚಿವ ಕೈ-ಉವೆ ಫಾನ್ ಹಸೆಲ್ ಶ್ರದ್ಧಾಂಜಲಿ ಭಾಷಣ ಮಾಡಿದ. ಹಸೆಲ್ ಸ್ವತಃ ಜರ್ಮನ್ ಪೂರ್ವ ಆಫ್ರಿಕಾದಲ್ಲಿ ಹುಟ್ಟಿದವನು. ರಣರಂಗದಲ್ಲಿ ಸೋಲದವನು ಎಂಬ ಹಳೆಯ ಮಾತನ್ನು ಗಣರಾಜ್ಯದ ಸಚಿವನೂ ಆಡಿದ. ಅದೇ ವರ್ಷ ಪಶ್ಚಿಮ ಜರ್ಮನಿ ಬದುಕಿದ್ದ ಅಸ್ಕಾರಿಗಳಿಗೆ ಬಾಕಿ ಸಂಬಳದ ಹೆಸರಿನಲ್ಲಿ ಹಣ ಕೊಡಲು ತೀರ್ಮಾನಿಸಿತು. ತಾಂಜಾನಿಯಾದ ಮ್ವಾಂಜಾದಲ್ಲಿ ಮುನ್ನೂರೈವತ್ತು ಮುದುಕರು ಸೇರಿದರು, ಗುರುತುಪತ್ರ ಇಲ್ಲದವರ ಕೈಗೆ ಬ್ಯಾಂಕಿನ ಅಧಿಕಾರಿ ಪೊರಕೆ ಕೊಟ್ಟು ಜರ್ಮನ್ ಭಾಷೆಯಲ್ಲಿ ಕವಾಯತಿನ ಆಜ್ಞೆ ಹೇಳಿದ, ಒಬ್ಬನೂ ತಪ್ಪಲಿಲ್ಲ ಎಂಬ ಕಥೆಯನ್ನು ಜನ ಕಣ್ಣೀರಿನೊಂದಿಗೆ ಹೇಳುತ್ತಾರೆ. ಆ ಕಥೆ ನನ್ನನ್ನು ಕಂಗೆಡಿಸುತ್ತದೆ. ಅರವತ್ತು ಎಪ್ಪತ್ತು ದಾಟಿದ ಮುದುಕರು ತಮ್ಮ ಬಾಕಿ ಹಣಕ್ಕಾಗಿ ಪೊರಕೆ ಹಿಡಿದು ಕವಾಯತು ಮಾಡಬೇಕಾಯಿತು ಎಂಬುದರಲ್ಲಿ ಮನಮುಟ್ಟುವಂಥದ್ದು ಏನಿದೆ? ಹೊರೆ ಹೊತ್ತವನು ತಾನು ಹೊತ್ತಿದ್ದೆ ಎಂದು ಯಾವ ಕವಾಯತು ಮಾಡಿ ತೋರಿಸಬೇಕಿತ್ತು?

ಪಶ್ಚಿಮ ಜರ್ಮನಿಯ ಸೇನೆಯೂ ಲೆಟ್ಟೊನ ಹೆಸರನ್ನು ತನ್ನ ಬ್ಯಾರಕ್‌ಗಳಿಗೆ ಇಟ್ಟುಕೊಂಡಿತ್ತು: ಲೀರ್‌ನಲ್ಲಿ, ಬಾಡ್ ಸೆಗೆಬರ್ಗ್‌ನಲ್ಲಿ, ಹ್ಯಾಂಬರ್ಗ್‌ನಲ್ಲಿ. ಇತ್ತೀಚಿನ ದಶಕಗಳಲ್ಲಿ ಕೆಲವು ಮುಚ್ಚಿದವು, ಕೆಲವಕ್ಕೆ ಬೇರೆ ಹೆಸರು ಬಂತು. ಹಾನೋವರ್‌ನ ಲೆಟ್ಟೊ-ಫೋರ್ಬೆಕ್ ಬೀದಿಗೆ ನಮೀಬಿಯಾ ಬೀದಿ ಎಂದು ಹೆಸರಿಟ್ಟಾಗ ಅಲ್ಲಿನ ಕೆಲವು ನಿವಾಸಿಗಳು ವಿರೋಧಿಸಿದರು. ಅವನು ಹುಟ್ಟಿದ ಸಾರ್‌ಲೂಯಿಸ್ ಕೂಡ 2010ರಲ್ಲಿ ರಸ್ತೆಯ ಹೆಸರು ಬದಲಿಸಿತು. ಹ್ಯಾಂಬರ್ಗ್‌ನ ಹಳೆಯ ಬ್ಯಾರಕ್ಕಿನ ಬಳಿ ಅಸ್ಕಾರಿಗಳೂ ಹೊರೆಯಾಳುಗಳೂ ಜರ್ಮನ್ ಅಧಿಕಾರಿಯ ಹಿಂದೆ ಸಾಗುವ ಎರಡು ದೊಡ್ಡ ಉಬ್ಬುಶಿಲ್ಪಗಳಿವೆ. ಕೆತ್ತಿದವನು ಲೆಟ್ಟೊನ ಕೈಕೆಳಗೇ ಸೇವೆ ಸಲ್ಲಿಸಿದ್ದ ವಾಲ್ಟರ್ ಫಾನ್ ರುಕ್ಟೆಶೆಲ್. ಇಡೀ ಜರ್ಮನಿಯಲ್ಲಿ ಹೊರೆಯಾಳು ಕಾಣಿಸುವ ಬೆರಳೆಣಿಕೆಯ ಸ್ಮಾರಕಗಳಲ್ಲಿ ಅದೊಂದು, ಮತ್ತು ಅದು ವಸಾಹತುಶಾಹಿಯನ್ನು ಹೊಗಳಲು ಕೆತ್ತಿದ್ದು. 2003ರಲ್ಲಿ ಅದನ್ನು ತಾಂಜಾನಿಯಾ ಪಾರ್ಕ್ ಎಂಬ ಹೆಸರಿನಲ್ಲಿ ತೆರೆಯಲು ಹೊರಟಾಗ ಜೋರಾದ ಪ್ರತಿಭಟನೆ ನಡೆಯಿತು.

ಒಡೆಯಬೇಕೇ, ಉಳಿಸಬೇಕೇ ಎಂಬ ಈ ಜಗಳಕ್ಕೆ ಬ್ರೆಮೆನ್ ಕೊಟ್ಟ ಉತ್ತರ ನನಗೆ ಹಿಡಿಸುತ್ತದೆ. ಅಲ್ಲಿ ಇಟ್ಟಿಗೆಯಿಂದ ಕಟ್ಟಿದ ದೊಡ್ಡ ಆನೆಯ ಸ್ಮಾರಕವಿದೆ. 1932ರಲ್ಲಿ ವಸಾಹತುಗಳ ನೆನಪಿಗೆ ಅದನ್ನು ಉದ್ಘಾಟಿಸಿದಾಗ ಭಾಷಣ ಮಾಡಿದವರಲ್ಲಿ ಲೆಟ್ಟೊ ಒಬ್ಬ. ನಗರ ಅದನ್ನು ಕೆಡವಲಿಲ್ಲ. ವಸಾಹತುಶಾಹಿ ವಿರೋಧಿ ಸ್ಮಾರಕವೆಂದು ಅರ್ಥ ಬದಲಿಸಿತು. ಪಕ್ಕದಲ್ಲೇ ಒಮಾಹೆಕೆಯಿಂದ ತಂದ ಕಲ್ಲುಗಳಿಂದ ಹೆರೆರೊ ಮತ್ತು ನಾಮಾ ಜನರ ನೆನಪಿನ ವೃತ್ತ ಬಂತು. ಟ್ರೋಥಾನ ಹಳೆಯ ಸಹಾಯಕ ಮಾತಾಡಿದ ಜಾಗದಲ್ಲಿ ಈಗ ಆ ಮರುಭೂಮಿಯ ಕಲ್ಲುಗಳಿವೆ.

ಬದಲಿಸಲಾಗದ ಹೆಸರೂ ಒಂದಿದೆ. ದಕ್ಷಿಣ ತಾಂಜಾನಿಯಾದ ತೆಂಡಗುರುವಿನಲ್ಲಿ 1909ರಿಂದ 1913ರವರೆಗೆ ಜರ್ಮನರು ಅಗೆದು ತೆಗೆದ ಡೈನೋಸಾರ್‌ಗಳಲ್ಲಿ ಒಂದಕ್ಕೆ 1919ರಲ್ಲಿ ಲೆಟ್ಟೊನ ಹೆಸರು ಸೇರಿಸಿ ಡಿಸಲೋಟೊಸಾರಸ್ ಲೆಟ್ಟೊಫೋರ್ಬೆಕಿ ಎಂದು ಕರೆದರು. ಪ್ರಾಣಿಶಾಸ್ತ್ರದ ನಿಯಮದಂತೆ ಮೊದಲು ಇಟ್ಟ ಹೆಸರೇ ಖಾಯಂ. ಇನ್ನೂರು ಟನ್‌ಗೂ ಹೆಚ್ಚು ತೂಕದ ಆ ಎಲುಬುಗಳು ತೆಂಡಗುರುವಿನಿಂದ ಲಿಂಡಿ ಬಂದರಿಗೆ ಹೋದದ್ದು ಕೂಡ ಹೊರೆಯಾಳುಗಳ ತಲೆಯ ಮೇಲೆ.

ಅವನ ಪರವಾದ ಮಾತುಗಳು

ಲೆಟ್ಟೊನನ್ನು ಸಮರ್ಥಿಸುವವರ ಮಾತುಗಳಲ್ಲಿ ಕೆಲವು ನಿಜ. ಅವನು ಧೈರ್ಯವಂತ. ಸೈನಿಕರ ಕಷ್ಟದಲ್ಲಿ ಪಾಲುಗೊಂಡ, ಹಲವು ಬಾರಿ ಮಲೇರಿಯಾ ಅನುಭವಿಸಿದ. ಸೆರೆಸಿಕ್ಕ ಶತ್ರು ಅಧಿಕಾರಿಗಳನ್ನು ಗೌರವದಿಂದ ನಡೆಸಿಕೊಂಡ. ಸ್ಮಟ್ಸ್ ಮುಂದೆ ಅವನ ಗೆಳೆಯನಾದ, ಎರಡನೆಯ ಮಹಾಯುದ್ಧದ ನಂತರ ಬಡತನದಲ್ಲಿದ್ದ ಅವನಿಗೆ ಆಹಾರದ ಪೊಟ್ಟಣಗಳನ್ನು ಕಳಿಸಿದ. ಆಫ್ರಿಕನ್ನರಿಗೆ ಅಧಿಕಾರಿ ಪದವಿ ಕೊಟ್ಟ ಪ್ರಗತಿಪರ ಎಂಬ ಮಾತು ಮಾತ್ರ ನಿಲ್ಲುವುದಿಲ್ಲ. ಎಫೆಂದಿ ಎಂಬ ಆ ದರ್ಜೆ ಅವನು ಬರುವ ಮೊದಲೇ ಇತ್ತು.

ಉಳಿಯುವುದು ಸೇನಾ ವಾದ: ಒಂದು ಲಕ್ಷಕ್ಕೂ ಹೆಚ್ಚು ಶತ್ರು ಸೈನಿಕರನ್ನು ಕೈಬೆರಳೆಣಿಕೆಯ ಜನರಿಂದ ನಾಲ್ಕು ವರ್ಷ ಹಿಡಿದಿಟ್ಟ. ಆದರೆ ಆ ಸೈನಿಕರು ಯಾರು? ಬಹುಪಾಲು ಭಾರತೀಯರು, ಪೂರ್ವ ಮತ್ತು ಪಶ್ಚಿಮ ಆಫ್ರಿಕದವರು, ದಕ್ಷಿಣ ಆಫ್ರಿಕನ್ನರು. ತನ್ನ ಕಪ್ಪು ಸೈನಿಕರನ್ನು ಫ್ರಾನ್ಸಿನ ಕಂದಕಗಳಲ್ಲಿ ಕಾದಾಡಲು ಬಿಡಲು ಬ್ರಿಟನ್ನಿಗೆ ಮನಸ್ಸಿರಲಿಲ್ಲ. ಪಶ್ಚಿಮ ರಣರಂಗದ ಲೆಕ್ಕದಲ್ಲಿ ಲೆಟ್ಟೊ ತಡೆದದ್ದು ಅವನು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ. ಯುದ್ಧದ ಫಲಿತಾಂಶ ಒಂದು ದಿನವೂ ಹಿಂದೆಮುಂದೆ ಆಗಲಿಲ್ಲ ಎಂದೇ ನನ್ನ ನಂಬಿಕೆ. ಅಷ್ಟಕ್ಕಾಗಿ ಉಗೊಗೊ ಬರಿದಾಯಿತು.

ಗೆದ್ದವರು ಈ ಲೆಕ್ಕದಿಂದ ತಪ್ಪಿಸಿಕೊಳ್ಳುವಂತಿಲ್ಲ. ನೈರೋಬಿಯ ಯುದ್ಧಸ್ಮಾರಕದಲ್ಲಿ ಸೈನಿಕರ ಪಕ್ಕ ಹೊರೆಯಾಳಿನ ಕಂಚಿನ ಮೂರ್ತಿಯೂ ಇದೆ, ಹೆಸರುಗಳಿಲ್ಲ. ದಾರ್ ಎಸ್ ಸಲಾಮ್‌ನ ಗಿಜಿಗುಡುವ ಕರಿಯಾಕೂ ಮಾರುಕಟ್ಟೆ ಇರುವುದು ಬ್ರಿಟಿಷರ ಹೊರೆಯಾಳು ಪಡೆಯ ಶಿಬಿರವಿದ್ದ ಜಾಗದಲ್ಲಿ. 2021ರ ಏಪ್ರಿಲ್‌ನಲ್ಲಿ ಕಾಮನ್‌ವೆಲ್ತ್ ಯುದ್ಧಸಮಾಧಿಗಳ ಆಯೋಗ ತನ್ನದೇ ತನಿಖೆಯ ವರದಿ ಪ್ರಕಟಿಸಿ ಕ್ಷಮೆ ಕೇಳಿತು. ಮೊದಲ ಮಹಾಯುದ್ಧದಲ್ಲಿ ಸತ್ತ 45,000ದಿಂದ 54,000 ಭಾರತೀಯರು ಮತ್ತು ಆಫ್ರಿಕನ್ನರನ್ನು ಬಿಳಿಯರಿಗೆ ಸಮನಾಗಿ ಸ್ಮರಿಸಿರಲಿಲ್ಲ. ಇನ್ನೂ ಕನಿಷ್ಠ 1,16,000 ಮಂದಿ, ಬಹುಶಃ 3,50,000ದವರೆಗೆ, ಹೆಸರಿನಿಂದ ಎಲ್ಲೂ ದಾಖಲಾಗಿಲ್ಲ ಅಥವಾ ಸ್ಮರಣೆಯಿಂದಲೇ ಬಿಟ್ಟುಹೋಗಿದ್ದಾರೆ. ಅವರಲ್ಲಿ ಹೆಚ್ಚಿನವರು ಪೂರ್ವ ಆಫ್ರಿಕಾ ಮತ್ತು ಈಜಿಪ್ಟಿನ ದುಡಿಮೆಗಾರರು.

ಜರ್ಮನಿಯ ರಾಷ್ಟ್ರಾಧ್ಯಕ್ಷ ಸ್ಟೈನ್‌ಮೈಯರ್ 2023ರ ನವೆಂಬರ್ 1ರಂದು ದಕ್ಷಿಣ ತಾಂಜಾನಿಯಾದ ಸೊಂಗೆಯಾಕ್ಕೆ ಹೋಗಿ ಮಾಜಿ ಮಾಜಿ ಕಾಲದ ಹತ್ಯೆಗಳಿಗಾಗಿ ಕ್ಷಮೆ ಕೇಳಿದರು. 1914ರಿಂದ 1918ರವರೆಗಿನ ಹೊರೆಯಾಳುಗಳ ವಿಚಾರದಲ್ಲೂ ಬ್ರಿಟಿಷ್ ಆಯೋಗ ಮಾಡಿದಂಥ ಕೆಲಸವನ್ನು ಜರ್ಮನಿ ಕೈಗೊಳ್ಳಬೇಕು: ಮಿಷನ್ ಠಾಣೆಗಳ ಕಡತ, ಜಿಲ್ಲಾ ಕಚೇರಿಗಳ ಪತ್ರ, ಅಧಿಕಾರಿಗಳ ದಿನಚರಿ, ಹಳ್ಳಿಗಳ ಬಾಯ್ಮಾತಿನ ನೆನಪು, ಇವನ್ನೆಲ್ಲ ತಾಂಜಾನಿಯಾ, ರುವಾಂಡಾ, ಬುರುಂಡಿ ಮತ್ತು ಮೊಜಾಂಬಿಕ್‌ನ ಇತಿಹಾಸಕಾರರ ಜೊತೆ ಕೂತು ಒಟ್ಟುಗೂಡಿಸಬೇಕು, ಸಿಕ್ಕಷ್ಟು ಹೆಸರುಗಳನ್ನು ಬರೆಯಬೇಕು. ಬೀದಿಫಲಕ ಬದಲಿಸಲು ಒಂದು ನಗರಸಭೆಯ ಠರಾವು ಸಾಕಾಯಿತು. ಇದಕ್ಕೆ ವರ್ಷಗಳ ದುಡಿಮೆ ಮತ್ತು ಸರ್ಕಾರದ ಹಣ ಬೇಕು.